ಜೇಡ ಮೊದಲೇ ಬಂದಿರುತ್ತೆ

ಹೋದ ವರ್ಷ ದಸರಾ ಕಳೆದು ಹತ್ತು ದಿನಕ್ಕೆ ಊರಿಂದ ಅಪ್ಪನ ಫೋನ್ ಬಂತು. ಯಾವಾಗ್ಲೂ ಮೊದ್ಲು ಊಟ ಆಯ್ತಾ ಅಂತ ಕೇಳೋರು ಆವತ್ತು ಅದನ್ನೂ ಬಿಟ್ಟು ನೇರವಾಗಿ "ಕೆಳಗಿನ ಗದ್ದೇಲಿ ಚಾಪೆ ಹಾಸಿದಂಗೆ ಸುಟ್ಟೋಗೈತೆ ಕಣೋ" ಅಂದ್ರು. ಯಾರೋ ಬೀಡಿ ಎಸೆದು ಬೆಂಕಿ ಬಿತ್ತೇನೋ ಅಂತ ನಾನು ಗಾಬರಿಯಾದೆ, ಆಮೇಲೆ ಹೊಳೀತು, ನೀರು ನಿಂತಿರೋ ಗದ್ದೆಗೆ ಬೆಂಕಿ ಎಲ್ಲಿಂದ ಬೀಳುತ್ತೆ.

ನಮ್ಮದು ಹರಿಹರದ ಕಡೆ, ಭದ್ರಾ ನಾಲೆಯ ಕೊನೆಭಾಗ, ಮೂರು ಎಕರೆ ಭತ್ತ, ಸೋನಾ ಮಸೂರಿ. ಶನಿವಾರ ಬೆಳಗಿನ ಬಸ್ಸಿಗೆ ಹೋಗಿ ಸೀದಾ ಗದ್ದೆಗೆ ಇಳಿದೆ. ಸುತ್ತ ಎಲ್ಲಾ ಹಸಿರು, ನಡುವೆ ದುಂಡಗೆ ಒಂದು ಕಡೆ ಒಣಹುಲ್ಲಿನ ಬಣ್ಣ, ಅದರಾಚೆ ಇನ್ನೊಂದು ದುಂಡು, ಮೇಲಿಂದ ಯಾರೋ ಬಿಸಿ ಬಾಣಲೆ ಇಟ್ಟು ಎತ್ತಿದಂಗೆ. ಅಂಚಿನಲ್ಲಿ ಇನ್ನೂ ಹಸಿರಾಗಿದ್ದ ಒಂದು ಬುಡನ ಎರಡೂ ಕೈಯಲ್ಲಿ ಅಗಲಿಸಿ ನೋಡಿದೆ. ನೀರಿನ ಮಟ್ಟಕ್ಕಿಂತ ಒಂದೆರಡು ಇಂಚು ಮೇಲೆ, ತೆಂಡೆ ತೆಂಡೆಗೂ (ಒಂದೇ ಬುಡದಿಂದ ಒಡೆಯೋ ಒಂದೊಂದು ಕಾಂಡಕ್ಕೂ ತೆಂಡೆ ಅಂತೀವಿ) ಅಂಟಿಕೊಂಡು ಜೀರಿಗೆ ಕಾಳಷ್ಟೇ ಇರೋ ಕಂದು ಹುಳ, ಒಂದೆರಡಲ್ಲ, ತೊಗಟೆ ಥರ ಕೂತಿದ್ವು. ಬೆರಳು ಹತ್ತಿರ ಹೋದ ತಕ್ಷಣ ಹಾರಲ್ಲ, ಏಡಿ ಥರ ಅಡ್ಡಡ್ಡ ಸರಿದು ಕಾಂಡದ ಆಚೆ ಬದಿಗೆ ಬಚ್ಚಿಟ್ಕೋತಾವೆ. ಕೈ ಎಲ್ಲಾ ಅಂಟಂಟು, ಅದು ಹೀರಿ ಬಿಟ್ಟ ಸಿಹಿ ನೀರು, ಅದರ ಮೇಲೆ ಕಪ್ಪು ಬೂಷ್ಟು ಬೇರೆ.

ಕಂದು ಜಿಗಿಹುಳ. ಗಂಗಾವತಿ, ಸಿಂಧನೂರು ಕಡೆಯವರಿಗೆ ಇದನ್ನ ಪರಿಚಯ ಮಾಡಿಸೋ ಅಗತ್ಯ ಇಲ್ಲ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದರ ಹೆಸರು ಕೇಳಿದ್ರೇ ಜನ ನಿದ್ದೆಗೆಡ್ತಾರೆ.

"ಔಷಧಿ ಹೊಡ್ದಿರಲಿಲ್ವಾ ಅಪ್ಪಾಜಿ" ಅಂದೆ. ಮೂರು ಸಲ ಹೊಡ್ದಿದೀನಿ ಅಂದ್ರು, ಸ್ವಲ್ಪ ಸಿಟ್ಟಿಂದಾನೇ. ನಾಟಿ ಮಾಡಿ ಇಪ್ಪತ್ತು ದಿನಕ್ಕೆ ಒಂದು, ಆಗ ಗರಿ ಮೇಲೆ ಬಿಳಿ ಗೆರೆ ಕಂಡಿತ್ತಂತೆ, ಎಲೆ ಸುರುಳಿ ಹುಳ. ಆಮೇಲೆ ಗಣೇಶನ ಹಬ್ಬ ಆದ ಮೇಲೆ ಒಂದು. ಆಮೇಲೆ ಜಿಗಿಹುಳ ಕಂಡಾಗ ಒಂದು, ಗೊಬ್ಬರದ ಅಂಗಡಿಯವರು ಕೊಟ್ಟ ಎರಡು ಬಾಟಲಿ ಬೆರೆಸಿ. ಒಂದು ಸಲಾನೂ ಹೊಡೆಯದ ಪಕ್ಕದ ದೊಡ್ಡಪ್ಪನ ಗದ್ದೆ (ಸೊಂಟನೋವು ಅಂತ ಆ ವರ್ಷ ಅವರು ಯಾವುದಕ್ಕೂ ತಲೆ ಕೆಡಿಸಿಕೊಂಡಿರಲಿಲ್ಲ) ಬದುವಿನ ಆಚೆಗೆ ಹಸಿರಾಗಿ ನಿಂತಿತ್ತು. ಅಪ್ಪನಿಗೆ ಹುಳಕ್ಕಿಂತ ಆ ಹಸಿರೇ ಜಾಸ್ತಿ ಉರಿ ಹತ್ತಿಸಿತ್ತು ಅನ್ಸುತ್ತೆ.

ನಾನು ಲೆಕ್ಕಪತ್ರದ ಕೆಲಸದವನು, ಹುಳದ ಬಗ್ಗೆ ಏನೂ ಗೊತ್ತಿಲ್ಲ. ಆದ್ರೆ ಖರ್ಚು ಜಾಸ್ತಿ ಮಾಡಿದ ಕಡೇನೇ ನಷ್ಟ ಜಾಸ್ತಿ ಆಗಿದೆ ಅಂದ್ರೆ ಲೆಕ್ಕದವನಿಗೆ ಕೈ ಕಡಿಯೋಕೆ ಶುರುವಾಗುತ್ತೆ. ಆ ರಾತ್ರಿಯಿಂದ ಓದೋಕೆ ಕೂತೆ, ಈ ಬರಹ ಆ ಓದಿನ ಉಳಿಕೆ.

ಜಿಗಿಹುಳದ ಹೆಣ್ಣು ಭತ್ತದ ಎಲೆಯ ಬುಡ ಕಾಂಡಕ್ಕೆ ಸುತ್ತಿಕೊಂಡಿರುತ್ತಲ್ಲ, ಆ ಪದರದ ಒಳಗೆ ಸೀಳಿ ಮೊಟ್ಟೆ ಇಡುತ್ತೆ, ಒಂದು ಹೆಣ್ಣಿಗೆ ಇನ್ನೂರು ಮುನ್ನೂರರ ಲೆಕ್ಕ. ವಾರ, ಎಂಟು ಒಂಬತ್ತು ದಿನಕ್ಕೆ ಮರಿ, ಇನ್ನೆರಡು ವಾರಕ್ಕೆ ಮರಿ ದೊಡ್ಡದು. ಹೆಚ್ಚುಕಮ್ಮಿ ತಿಂಗಳಿಗೊಂದು ತಲೆಮಾರು. ಇನ್ನೊಂದು ಮಜಾ ಏನಂದ್ರೆ ಇದರಲ್ಲಿ ದೊಡ್ಡವು ಎರಡು ಥರ, ಉದ್ದ ರೆಕ್ಕೆಯವು ಗಾಳಿ ಹಿಡಿದು ಎಲ್ಲಿಂದ ಎಲ್ಲಿಗೋ ಹೋಗ್ತಾವೆ, ಊಟ ಚೆನ್ನಾಗಿ ಸಿಕ್ಕಿದ ಕಡೆ ಹುಟ್ಟೋವು ಗಿಡ್ಡ ರೆಕ್ಕೆಯವು, ಅವು ಹಾರೋ ಗೋಜಿಗೇ ಹೋಗದೆ ಅಲ್ಲೇ ಕೂತು ಬರೀ ಮೊಟ್ಟೆ ಇಡ್ತಾವೆ. ಯೂರಿಯಾ ಕಂಡಾಪಟ್ಟೆ ಹಾಕಿ ಕಪ್ಪಗೆ ಬೆಳೆಸಿದ ಪೈರು ಅಂದ್ರೆ ಇವಕ್ಕೆ ಮದುವೆ ಮನೆ ಊಟ.

ಇಷ್ಟು ಕೇಳಿದ್ರೆ ಎಲ್ಲಾ ಗದ್ದೇನೂ ಎಲ್ಲಾ ವರ್ಷಾನೂ ಸುಟ್ಟು ಹೋಗಬೇಕಿತ್ತು. ಹೋಗ್ತಿಲ್ಲ ಅಂದ್ರೆ ಯಾರೋ ತಿಂತಿದ್ದಾರೆ ಅಂತ ಅರ್ಥ. ತಿನ್ನೋರ ಪಟ್ಟಿ ದೊಡ್ಡದಿದೆ. ಹಸಿರು ಬಣ್ಣದ ಸಣ್ಣ ಮಿರಿಡ್ ತಿಗಣೆ, ಪದರದೊಳಗೆ ಮೂತಿ ಚುಚ್ಚಿ ಮೊಟ್ಟೆನೇ ಹೀರುತ್ತೆ. ನೀರಿನ ಮೇಲೆ ಓಡಾಡೋ ಪುಟಾಣಿ ತಿಗಣೆಗಳು, ಕಾಂಡದಿಂದ ಜಾರಿ ಬಿದ್ದ ಮರಿನ ಗುಂಪಾಗಿ ಹಿಡೀತಾವೆ. ಗುಲಗಂಜಿ ಹುಳ, ಏರೋಪ್ಲೇನ್ ಚಿಟ್ಟೆ, ಮೊಟ್ಟೆ ಒಳಗೇ ತನ್ನ ಮೊಟ್ಟೆ ಇಡೋ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ. ಮತ್ತೆ ಜೇಡ. ಅದರಲ್ಲೂ ಬಲೆ ಕಟ್ಟದೆ ಓಡಾಡ್ಕೊಂಡು ಬೇಟೆ ಆಡೋ ತೋಳ ಜೇಡ.

ಈ ತೋಳ ಜೇಡನ ನಾನು ನೋಡಿದ್ದು ಆ ಶನಿವಾರ ರಾತ್ರಿ, ದೊಡ್ಡಪ್ಪನ ಗದ್ದೇಲಿ. ಮೊಬೈಲ್ ಟಾರ್ಚನ್ನ ಕಣ್ಣಿನ ಪಕ್ಕಕ್ಕೇ ಹಿಡ್ಕೊಂಡು ಬೆಳಕು ಬಿಟ್ರೆ ನೀರಿನ ಮಟ್ಟದಲ್ಲಿ, ಬದುವಿನ ಹುಲ್ಲಲ್ಲಿ, ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳಿಗಿಂತ ಸಣ್ಣ ಮಿನುಗು. ಇಬ್ಬನಿ ಅಂದ್ಕೊಂಡು ಹತ್ತಿರ ಹೋದ್ರೆ ಮಿನುಗು ನನ್ನ ಕಡೆ ತಿರುಗಿ ನೋಡ್ತು. ಜೇಡದ ಕಣ್ಣು. ಒಂದರ ಹಿಂಭಾಗದಲ್ಲಿ ಬಿಳಿ ಗಂಟು, ಮೊಟ್ಟೆ ಚೀಲನ ಕೆಳಗೆ ಇಡದೆ ಎಳ್ಕೊಂಡೇ ಓಡ್ತಿತ್ತು. ಮರಿ ಆದ ಮೇಲೆ ಅವನ್ನ ಬೆನ್ನ ಮೇಲೆ ಹೊತ್ಕೊಂಡು ತಿರುಗುತ್ತಂತೆ. ನಾನು ನೋಡ್ತಿದ್ದಂಗೇ ಇನ್ನೊಂದು ಜೇಡ ಕಾಂಡ ಬಳಸಿ ಹೋಯ್ತು, ಜಿಗಿಹುಳ ಅಡ್ಡಡ್ಡ ಸರೀತು, ಜೇಡ ಆ ಕಡೆಯಿಂದ ಸುತ್ತಿ ಬಂತು, ಹುಳ ಮತ್ತೆ ಸರೀತು, ಮಕ್ಕಳು ಕಂಬದ ಸುತ್ತ ಆಡೋ ಆಟ ಇದ್ದಂಗೆ, ಮೂರನೇ ಸುತ್ತಿಗೆ ಮುಗೀತು. ದಿನಕ್ಕೆ ಇಂಥ ಐದರಿಂದ ಹದಿನೈದು ಹುಳ ಒಂದು ಜೇಡದ ಊಟ. ಅದೇ ಟಾರ್ಚ್ ಹಿಡ್ಕೊಂಡು ಬದು ದಾಟಿ ನಮ್ಮ ಗದ್ದೆಗೆ ಬಂದೆ, ಹತ್ತು ನಿಮಿಷ ಹುಡುಕಿದ್ರೂ ಮಿನುಗಿದ್ದು ಎರಡೇ ಎರಡು.

ಈಗ ಲೆಕ್ಕಕ್ಕೆ ಬನ್ನಿ. ಒಂದು ಬುಡದಲ್ಲಿ ಹತ್ತು ಜಿಗಿಹುಳ, ಎರಡು ಜೇಡ ಇದಾವೆ ಅಂತ ಇಟ್ಕೊಳ್ಳಿ. ಔಷಧಿ ಹೊಡೆದು ಎರಡನ್ನೂ ಪೂರ್ತಿ ಸಾಯಿಸಿದ್ವಿ ಅಂತಾನೇ ಅಂದ್ಕೊಳ್ಳಿ, ಮೇಲ್ನೋಟಕ್ಕೆ ಲೆಕ್ಕ ಸರಿಹೋಯ್ತು. ಆದ್ರೆ ಜಿಗಿಹುಳದ ಮೊಟ್ಟೆ ಕಾಂಡದ ಪದರದೊಳಗೆ ಬೆಚ್ಚಗಿದೆ, ಅಲ್ಲಿಗೆ ಔಷಧಿ ಸರಿಯಾಗಿ ತಲುಪಲ್ಲ. ವಾರ ಬಿಟ್ಟು ಅವು ಒಡೆದು ಈಚೆ ಬಂದಾಗ ಮನೆ ಖಾಲಿ, ಕೇಳೋರಿಲ್ಲ. ಜೇಡ ಮತ್ತೆ ಬದುವಿಂದ ನಡ್ಕೊಂಡು ಬಂದು ಸಂಸಾರ ಹೂಡಬೇಕು, ಅದರ ಆಯಸ್ಸೇ ಮೂರು ನಾಲ್ಕು ತಿಂಗಳು, ಅಷ್ಟರೊಳಗೆ ಜಿಗಿಹುಳ ಮೂರು ನಾಲ್ಕು ತಲೆಮಾರು ದಾಟಿರುತ್ತೆ. ಅದರ ಮೇಲೆ ಸಿಂಥೆಟಿಕ್ ಪೈರೆಥ್ರಾಯ್ಡ್ ಜಾತಿಯ ಕೆಲವು ಔಷಧಿ ಸಾಯದಷ್ಟು ಕಮ್ಮಿ ಬಿದ್ರೆ ಹುಳ ಇನ್ನೂ ಜಾಸ್ತಿ ಮೊಟ್ಟೆ ಇಡುತ್ತೆ ಅಂತ ಬೇರೆ ಕಂಡುಕೊಂಡಿದ್ದಾರೆ. ಅಪ್ಪ ಇಪ್ಪತ್ತನೇ ದಿನಕ್ಕೆ ಹೊಡೆದದ್ದು ಎಲೆ ಸುರುಳಿ ಹುಳಕ್ಕೆ, ಆ ವಯಸ್ಸಿನ ಪೈರು ನಾಲ್ಕು ಗರಿ ಹೋದ್ರೂ ಮತ್ತೆ ಚಿಗುರಿಕೊಳ್ಳುತ್ತೆ, ಅದಕ್ಕೆ ಹೊಡೆಯೋದೇ ಬೇಕಿರಲಿಲ್ಲ. ಹೊಡೆದದ್ದರಿಂದ ಆಗಿದ್ದು ಒಂದೇ, ಇನ್ನೂ ಬಾರದ ಕಳ್ಳನಿಗೋಸ್ಕರ ಊರಿನ ಕಾವಲುಗಾರರನ್ನ ಎತ್ತಂಗಡಿ ಮಾಡಿದ್ದು.

ನನಗೆ ಹುಚ್ಚು ಹಿಡಿಸಿದ್ದು ಇದೇ ಲೆಕ್ಕವನ್ನ ನೂರು ವರ್ಷದ ಹಿಂದೆ ಇಟಲಿಯಲ್ಲಿ ಒಬ್ಬ ಗಣಿತದ ಮೇಷ್ಟ್ರು ಮೀನಿನ ವಿಷಯಕ್ಕೆ ಹಾಕಿದ್ದ ಕಥೆ. ಉಂಬರ್ಟೋ ಡಾಂಕೋನಾ ಅಂತ ಒಬ್ಬ ಜೀವಶಾಸ್ತ್ರಜ್ಞ ಏಡ್ರಿಯಾಟಿಕ್ ಸಮುದ್ರದ ಬಂದರುಗಳ ಮೀನು ಮಾರ್ಕೆಟ್ಟಿನ ಹಳೇ ಲೆಕ್ಕ ನೋಡ್ತಿದ್ದ. ಫ್ಯೂಮೆ ಅನ್ನೋ ಬಂದರಲ್ಲಿ 1914ರಲ್ಲಿ ಬಲೆಗೆ ಬಿದ್ದ ಮೀನಲ್ಲಿ ಶಾರ್ಕ್, ತೊರಕೆ ಥರದ ಬೇಟೆಗಾರ ಮೀನು ಶೇಕಡಾ 11.9 ಇದ್ದದ್ದು 1918ಕ್ಕೆ ಶೇಕಡಾ 36.4 ಆಗಿದೆ, 1923ಕ್ಕೆ ಮತ್ತೆ 10.7ಕ್ಕೆ ಇಳಿದಿದೆ. ನಡುವೆ ಆಗಿದ್ದು ಮೊದಲನೇ ಮಹಾಯುದ್ಧ, ಮೀನು ಹಿಡಿಯೋರು ಕಮ್ಮಿ ಆಗಿದ್ರು. ಮೀನು ಹಿಡಿಯೋದು ಕಮ್ಮಿಯಾದ್ರೆ ಎಲ್ಲಾ ಮೀನೂ ಹೆಚ್ಚಬೇಕು ಸರಿ, ಆದ್ರೆ ತಿನ್ನೋ ಮೀನೇ ಯಾಕೆ ಇಷ್ಟು ಹೆಚ್ಚಿತು? ಇವನು ಈ ಪ್ರಶ್ನೆನ ತಗೊಂಡು ಹೋಗಿದ್ದು ವಿಟೋ ವೋಲ್ಟೆರಾ ಹತ್ತಿರ. ವೋಲ್ಟೆರಾ ಆಗಲೇ ಅರವತ್ತು ದಾಟಿದ ದೊಡ್ಡ ಗಣಿತಜ್ಞ, ಅವರ ಮಗಳು ಲೂಯಿಸಾನೇ ಡಾಂಕೋನಾ ಮದುವೆ ಆಗಿದ್ದು, ಹಂಗಾಗಿ ಅಳಿಯನ ಪ್ರಶ್ನೆಗೆ ಮಾವನ ಉತ್ತರ ಅಂತಾನೇ ಅನ್ನಬಹುದು.

1926ರಲ್ಲಿ ಮಾವ ಕೊಟ್ಟ ಉತ್ತರದಲ್ಲಿ ಇದ್ದದ್ದು ಎರಡು ಸಮೀಕರಣ. (ಅದೇ ಸಮೀಕರಣ ಅಮೆರಿಕಾದಲ್ಲಿ ಆಲ್ಫ್ರೆಡ್ ಲೋಟ್ಕಾಗೂ ಹೊಳೆದಿತ್ತು, 1925ರಲ್ಲೇ ಪುಸ್ತಕದಲ್ಲಿ ಬಂದಿತ್ತು, ಅದಕ್ಕೇ ಈಗ ಇಬ್ಬರ ಹೆಸರೂ ಜೋಡಿಸಿ ಹೇಳ್ತಾರೆ.) ತಿನ್ನಿಸಿಕೊಳ್ಳೋದು ಹೆಚ್ಚಿದ್ರೆ ತಿನ್ನೋದು ಹೆಚ್ಚುತ್ತೆ, ತಿನ್ನೋದು ಹೆಚ್ಚಿದ್ರೆ ತಿನ್ನಿಸಿಕೊಳ್ಳೋದು ಕುಸಿಯುತ್ತೆ, ಊಟ ಇಲ್ಲದೆ ತಿನ್ನೋದೂ ಕುಸಿಯುತ್ತೆ, ಆಮೇಲೆ ಮತ್ತೆ ಮೊದಲಿಂದ. ಇಷ್ಟು ಎಲ್ಲರಿಗೂ ಶಾಲೇಲಿ ಹೇಳಿರ್ತಾರೆ. ಹೇಳದೇ ಬಿಡೋದು ಮೂರನೇ ಮಾತು: ಹೊರಗಿನವನೊಬ್ಬ ಬಂದು ಇಬ್ಬರನ್ನೂ ಒಟ್ಟಿಗೆ ಕೊಲ್ಲೋಕೆ ಶುರು ಮಾಡಿದ್ರೆ ಸರಾಸರಿ ಲೆಕ್ಕದಲ್ಲಿ ತಿನ್ನೋದು ಕಮ್ಮಿ ಆಗುತ್ತೆ, ತಿನ್ನಿಸಿಕೊಳ್ಳೋದು ಜಾಸ್ತಿ ಆಗುತ್ತೆ. ಬಲೆ ಬೀಸೋದು ನಿಲ್ಲಿಸಿದ್ರೆ ಶಾರ್ಕ್‌ಗೆ ಲಾಭ, ಬೀಸಿದ್ರೆ ಸಣ್ಣ ಮೀನಿಗೆ ಲಾಭ. ಇದನ್ನ ಓದಿ ನಾನು ಕುರ್ಚಿಯಿಂದ ಎದ್ದು ಅಡಿಗೆ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಬಲೆ ಜಾಗದಲ್ಲಿ ಸ್ಪ್ರೇಯರ್ ಇಡಿ, ಶಾರ್ಕ್ ಜಾಗದಲ್ಲಿ ಜೇಡ ಇಡಿ, ಅದು ನಮ್ಮ ಕೆಳಗಿನ ಗದ್ದೆ.

ಯಾರಿಗೂ ಗೊತ್ತಿರಲಿಲ್ವಾ ಅಂದ್ರೆ ಗೊತ್ತಿತ್ತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನ ಹತ್ತಿ ಥರ ಮೆತ್ತಿಕೊಳ್ಳೋ ಒಂದು ಶಲ್ಕ ಕೀಟ ಮುಗಿಸ್ತಿದ್ದಾಗ, 1888ರಲ್ಲಿ ಆಲ್ಬರ್ಟ್ ಕೋಬೆಲೆ ಅನ್ನೋನನ್ನ ಆಸ್ಟ್ರೇಲಿಯಾಕ್ಕೆ ಕಳಿಸಿ ಅದನ್ನ ತಿನ್ನೋ ಗುಲಗಂಜಿ ಹುಳನ ಹಡಗಲ್ಲಿ ತರಿಸಿದ್ರು, ಮೊದಲ ಕಂತುಗಳಲ್ಲಿ ಬಂದು ತಲುಪಿದ್ದು 129 ಹುಳ, ಒಂದೆರಡು ವರ್ಷದಲ್ಲಿ ಕೀಟ ಹಿಡಿತಕ್ಕೆ ಬಂತು. 1940ರ ದಶಕದಲ್ಲಿ ಡಿಡಿಟಿ ಬಂದು ಅದೇ ತೋಟಗಳಲ್ಲಿ ಗುಲಗಂಜಿ ಹುಳ ಸತ್ತಾಗ ಮರೆತೇ ಹೋಗಿದ್ದ ಕೀಟ ವಾಪಸ್ ಬಂದು ಕೂತಿತ್ತು.

ಭತ್ತದ ವಿಷಯಕ್ಕೆ ಬಂದ್ರೆ, ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್-8 ತಳಿ ಬಿಟ್ಟ ಮೇಲೆ ಏಷ್ಯಾದಲ್ಲಿ ಭತ್ತ ಬೆಳೆಯೋ ರೀತಿನೇ ಬದಲಾಯ್ತು, ಹೊಸ ತಳಿ, ಯೂರಿಯಾ, ವರ್ಷಕ್ಕೆ ಎರಡು ಬೆಳೆ, ಜೊತೆಗೆ ಔಷಧಿ. ಅಲ್ಲೀವರೆಗೆ ಜಿಗಿಹುಳ ಚಿಲ್ಲರೆ ಪೀಡೆ, ಎಪ್ಪತ್ತರ ದಶಕದಲ್ಲಿ ಅದೇ ನಂಬರ್ ಒನ್. ಹುಳಕ್ಕೆ ಬಗ್ಗದ ತಳಿ ಅಂತ 1973ರಲ್ಲಿ ಐಆರ್-26 ಬಿಟ್ರು, ಎರಡು ಮೂರು ವರ್ಷದಲ್ಲಿ ಹುಳ ಅದನ್ನೂ ತಿನ್ನೋದು ಕಲೀತು. ಆ ದಶಕದ ಕೊನೇಲಿ ಪೀಟರ್ ಕೆನ್‌ಮೋರ್ ಅನ್ನೋ ಯುವ ಸಂಶೋಧಕ ಅಲ್ಲಿನ ರೈತರ ಗದ್ದೇಲೇ ಕೂತು ಔಷಧಿ ಹೊಡೆದ ಗದ್ದೆ, ಹೊಡೆಯದ ಗದ್ದೆ ಎರಡರಲ್ಲೂ ಹುಳ ಎಣಿಸಿದ. ಹೊಡೆಯದ ಕಡೆ ಜೇಡ, ತಿಗಣೆ ಸೇರಿ ಹುಳನ ತಡೆದು ಇಟ್ಟಿದ್ವು, ಹೊಡೆದ ಕಡೆ ಹುಳ ಸ್ಫೋಟ ಆಗಿತ್ತು. ಇದನ್ನ ನಂಬಿ ದೊಡ್ಡ ಹೆಜ್ಜೆ ಇಟ್ಟಿದ್ದು ಇಂಡೋನೇಷ್ಯಾ. 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿ ಆಗಿದ್ದ ದೇಶ ಎರಡೇ ವರ್ಷಕ್ಕೆ ಜಾವಾದಲ್ಲಿ ಜಿಗಿಹುಳ ಎದ್ದು ಕಂಗಾಲಾಯ್ತು, ಅಲ್ಲಿ ಔಷಧಿ ಬೆಲೆಯ ಶೇಕಡಾ 80ಕ್ಕೂ ಹೆಚ್ಚು ಸರ್ಕಾರವೇ ಸಬ್ಸಿಡಿ ಕೊಡ್ತಿದ್ದ ಕಾಲ ಅದು. 1986ರ ನವೆಂಬರಲ್ಲಿ ಅಧ್ಯಕ್ಷ ಸುಹಾರ್ತೋ ಒಂದೇ ಆದೇಶದಲ್ಲಿ ಭತ್ತಕ್ಕೆ 57 ಕೀಟನಾಶಕ ಬಳಸೋ ಹಾಗಿಲ್ಲ ಅಂದ್ರು, 1989ರ ಹೊತ್ತಿಗೆ ಸಬ್ಸಿಡಿನೂ ತೆಗೆದ್ರು. ಭತ್ತದ ಇಳುವರಿ ಕುಸೀಲಿಲ್ಲ. ಸರ್ವಾಧಿಕಾರಿ ಆದೇಶದಿಂದ ಜೇಡಗಳಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಚರಿತ್ರೆಯ ಒಂದು ತಮಾಷೆ, ಇರಲಿ.

ಆದ್ರೆ ನನಗೆ ಇನ್ನೊಂದು ಅನುಮಾನ ಉಳಿದಿತ್ತು. ತಿನ್ನೋದು ಯಾವಾಗ್ಲೂ ತಿನ್ನಿಸಿಕೊಳ್ಳೋದರ ಹಿಂದೆ ಹಿಂದೆ ತಡವಾಗಿ ಬರುತ್ತೆ ಅನ್ನೋದಾದ್ರೆ, ನಾಟಿ ಆದ ಹೊಸ ಗದ್ದೇಲಿ ಜಿಗಿಹುಳ ಮೊದಲು ಹೆಚ್ಚಿ ಆಮೇಲೆ ತಾನೇ ಜೇಡ ಹೆಚ್ಚಬೇಕು, ಅಷ್ಟರಲ್ಲಿ ಬೆಳೆ ಹೋಗಿರಬೇಕಲ್ವಾ? ಇದಕ್ಕೆ ಉತ್ತರ ಸಿಕ್ಕಿದ್ದು ಜಾವಾದ ಗದ್ದೆಗಳಲ್ಲೇ ಮಾಡಿದ, 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನನಗೆ ಎಲ್ಲಕ್ಕಿಂತ ಚಂದ ಅನ್ನಿಸಿದ ಭಾಗ ಇದು. ನಾಟಿಗೆ ಮುಂಚೆ ನೀರು ಬಿಟ್ಟು ಕೆಸರು ಮಾಡ್ತೀವಲ್ಲ, ಅದರಲ್ಲಿ ಹೋದ ಬೆಳೆಯ ಕೂಳೆ, ಹುಲ್ಲು, ತಿಪ್ಪೆ ಗೊಬ್ಬರ ಎಲ್ಲಾ ಕೊಳೆಯುತ್ತೆ, ಕೊಳೆತದ್ದನ್ನ ತಿನ್ನೋಕೆ ಕೋಟಿಗಟ್ಟಲೆ ಸಣ್ಣ ಹುಳ ಹುಟ್ತಾವೆ, ಸಂಜೆ ಗದ್ದೆ ಮೇಲೆ ಗುಂಯ್ ಅಂತ ಏಳೋ ಕಚ್ಚದ ಗುಂಗಾಡು ಥರದ್ದೆಲ್ಲ. ಭತ್ತಕ್ಕೆ ಅವುಗಳಿಂದ ಒಂದಿಷ್ಟೂ ತೊಂದರೆ ಇಲ್ಲ. ಜೇಡಗಳು ಆ ಗುಂಗಾಡು ತಿಂದು ಹೊಟ್ಟೆ ತುಂಬಿಸಿಕೊಂಡು, ಸಂಸಾರ ಬೆಳೆಸಿಕೊಂಡು, ಜಿಗಿಹುಳ ಗಾಳಿ ಹಿಡಿದು ಬಂದು ಇಳಿಯೋ ಹೊತ್ತಿಗೆ ಆಗಲೇ ಪ್ರತಿ ಬುಡದಲ್ಲೂ ಕಾದು ಕೂತಿರ್ತಾವೆ. ಗದ್ದೆಗೆ ಕೊಳೆಯೋ ವಸ್ತು ಜಾಸ್ತಿ ಹಾಕಿದ ಕಡೆ ಜೇಡಾನೂ ಜಾಸ್ತಿ ಆಗಿತ್ತು. ಅಂದ್ರೆ ನಮ್ಮಜ್ಜಿ ಬೆಳಿಗ್ಗೆ ಬುಟ್ಟೀಲಿ ಹೊತ್ತು ತಿಪ್ಪೆಗೆ ಸುರೀತಿದ್ದ ಸಗಣಿ ಬರೀ ಭತ್ತಕ್ಕೆ ಹೋಗ್ತಿರಲಿಲ್ಲ, ಜೇಡಕ್ಕೂ ಹೋಗ್ತಿತ್ತು.

"ಸಮತೋಲನ" ಅನ್ನೋ ಪದ ಕೇಳಿದ್ರೆ ನನಗೆ ಮೊದಲು ಕಿರಾಣಿ ಅಂಗಡಿ ತಕ್ಕಡಿ ನೆನಪಾಗ್ತಿತ್ತು, ಆ ಕಡೆ ಹುಲಿ ಈ ಕಡೆ ಜಿಂಕೆ, ಮುಳ್ಳು ನಡುವೆ. ಈಗ ನಮ್ಮ ನಾಲೆ ನೆನಪಾಗುತ್ತೆ. ಮೇಲ್ಭಾಗದವರಿಗೆ ನೀರು ಬಿಟ್ಟ ದಿನಾನೇ ಬರುತ್ತೆ, ಕೊನೆಭಾಗದ ನಮಗೆ ಎಷ್ಟೋ ದಿನ ಬಿಟ್ಟು, ಅದೂ ಮೇಲಿನವರು ಕುಡಿದು ಬಿಟ್ಟಿದ್ದು. ನಾಲೆ ನಿಲ್ಲಿಸಿದ್ರೆ ಮೊದಲು ಒಣಗೋದೂ ನಾವೇ. ತಿನ್ನೋ ಪ್ರಾಣಿಗಳೆಲ್ಲ ಕೊನೆಭಾಗದ ರೈತರು. ನಾಗರಹೊಳೆಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ ಉಲ್ಲಾಸ ಕಾರಂತರ ಲೆಕ್ಕ ಇದೆಯಲ್ಲ, ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಅಷ್ಟು ಬೇಟೆ ಪ್ರತಿ ವರ್ಷ ಸಿಗಬೇಕಾದ್ರೆ ಆ ಕಾಡಲ್ಲಿ ಜಿಂಕೆ, ಕಡವೆ, ಕಾಟಿ ಎಲ್ಲಾ ಸೇರಿ 500 ಇರಬೇಕು. ಹುಲಿ ಬಡ್ಡಿ ಮೇಲೆ ಬದುಕುತ್ತೆ, ಅಸಲಿಗೆ ಕೈ ಹಾಕಲ್ಲ. ಹುಲಿ ಉಳಿಸಬೇಕು ಅಂದ್ರೆ ಜಿಂಕೆ ಮೇಯೋ ಹುಲ್ಲು ಉಳಿಸಬೇಕು ಅಂತ ಈಗ ಎಲ್ಲರಿಗೂ ಬಾಯಿಪಾಠ ಆಗಿದೆ, ಜೇಡ ಉಳಿಸಬೇಕು ಅಂದ್ರೆ ಗುಂಗಾಡು ಉಳಿಸಬೇಕು ಅಂತ ಯಾರೂ ಪೋಸ್ಟರ್ ಮಾಡಲ್ಲ, ಗುಂಗಾಡು ಫೋಟೋಗೆ ಚೆನ್ನಾಗಿ ಬರಲ್ಲ ನೋಡಿ.

ಜೇಡ ಇದ್ರೆ ಎಲ್ಲಾ ಸರಿ ಅಂತ ನಾನು ಹೇಳ್ತಿಲ್ಲ, ಹಾಗೆ ಹೇಳಿದ್ರೆ ಅಪ್ಪ ನನ್ನ ಗದ್ದೆಗೇ ಬಿಟ್ಕೊಳ್ಳಲ್ಲ. ಜೇಡಕ್ಕೂ ಹೊಟ್ಟೆ ಅಂತ ಒಂದಿದೆ. ದಿನಕ್ಕೆ ಹದಿನೈದು ತಿನ್ನೋ ಜೇಡದ ಮುಂದೆ ಐವತ್ತು ಹುಳ ಇಟ್ರೂ ಹದಿನೈದೇ ತಿನ್ನೋದು, ಐನೂರು ಇಟ್ರೂ ಅಷ್ಟೇ. ಹುಳ ಆ ಗೆರೆ ದಾಟಿ ಹೋದ್ಮೇಲೆ ಜೇಡ ಪ್ರೇಕ್ಷಕ. ಅದೂ ಅಲ್ಲದೆ ನಮ್ಮ ಕಡೆ ಸೋನಾ ಮಸೂರಿ ಅಂತಾನೇ ಕರೆಯೋ ಬಿಪಿಟಿ 5204 ತಳಿಗೆ ಈ ಹುಳ ತಡಕೊಳ್ಳೋ ಶಕ್ತಿ ಇಲ್ಲ, ಅನ್ನ ರುಚಿ ಅಂತ ಮಾರ್ಕೆಟ್ಟಲ್ಲಿ ಅದಕ್ಕೇ ರೇಟು. ಮೇಲಿಂದ ಒತ್ತೊತ್ತಾಗಿ ನಾಟಿ, ಗಾಳಿ ಆಡಲ್ಲ, ಯೂರಿಯಾ ಬೇರೆ. ಹಂಗಾಗಿ ಔಷಧಿ ಬೇಕಾಗೋ ದಿನ ಬರುತ್ತೆ. ಪ್ರಶ್ನೆ ಯಾವ ದಿನ ಅನ್ನೋದು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಲ್ಲಿ ಇದಕ್ಕೆ ಒಂದು ಲೆಕ್ಕ ಇದೆ, ತೆಂಡೆಗೆ ಒಂದು ಜಿಗಿಹುಳ ಕಂಡ್ರೆ ಔಷಧಿ ಹೊಡೀರಿ, ಬುಡಕ್ಕೊಂದು ಜೇಡ ಇದ್ರೆ ಮಾತ್ರ ತೆಂಡೆಗೆ ಎರಡು ಆಗೋವರೆಗೂ ಕಾಯಿರಿ. ಸರ್ಕಾರಿ ಶಿಫಾರಸಲ್ಲಿ ಜೇಡಕ್ಕೆ ಒಂದು ಕಾಲಂ ಕೊಟ್ಟಿದ್ದಾರಲ್ಲ, ಲೆಕ್ಕದವನಾಗಿ ನನಗೆ ಅದಕ್ಕಿಂತ ದೊಡ್ಡ ಗೌರವ ಗೊತ್ತಿಲ್ಲ.

ಹೋದ ವರ್ಷ ಕೆಳಗಿನ ಗದ್ದೇಲಿ ಅರ್ಧಕ್ಕಿಂತ ಜಾಸ್ತಿ ಹೋಯ್ತು, ಹುಲ್ಲೂ ದನ ಮೂಸಲಿಲ್ಲ. ಈ ವರ್ಷ ನಾಟಿಗೆ ಮುಂಚೆ ನಾನು ಒಂದಿಷ್ಟು ಹೇಳಿದೆ, ಅಪ್ಪ ಅದರಲ್ಲಿ ಅರ್ಧ ಕೇಳಿದ್ರು. ಎಂಟು ಸಾಲಿಗೊಂದು ಗಾಳಿ ಆಡೋ ಜಾಗ ಬಿಡಿ ಅಂದ್ರೆ ಅಷ್ಟು ಜಾಗ ಯಾರಪ್ಪಂದು ಅಂದ್ರು, ಆಮೇಲೆ ಹನ್ನೆರಡು ಸಾಲಿಗೊಂದು ಬಿಟ್ಟಿದ್ರು. ಯೂರಿಯಾ ಒಂದು ಚೀಲ ಕಮ್ಮಿ ಮಾಡಿದ್ರು. ಇಪ್ಪತ್ತನೇ ದಿನಕ್ಕೆ ಮತ್ತೆ ಗರಿ ಮೇಲೆ ಬಿಳಿ ಗೆರೆ ಕಂಡಾಗ ಎರಡು ದಿನ ಫೋನ್ ಮೇಲೆ ಫೋನ್, "ಎಲ್ಲಾರೂ ಹೊಡೀತಾವ್ರೆ, ನಾನೊಬ್ಬ ಕೈ ಕಟ್ಕೊಂಡು ಕುಂತ್ರೆ ಊರೋರು ನಗಲ್ವೇನೋ" ಅಂತ. ನಾನು ದೊಡ್ಡಪ್ಪನ ಸೊಂಟನೋವು ನೆನಪಿಸಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಫೋನ್ ಇಟ್ರು.

ಮೊನ್ನೆ ರಾತ್ರಿ ಒಂಬತ್ತೂವರೆಗೆ ವಿಡಿಯೋ ಕಾಲ್ ಬಂತು. ಪರದೆ ಪೂರ್ತಿ ಕಪ್ಪು, ನಡುವೆ ಟಾರ್ಚ್ ಬೆಳಕಿನ ಒಂದು ದುಂಡು, ಅದರಲ್ಲಿ ಕೆಸರು ನೀರು, ಭತ್ತದ ಬುಡ, ಅಪ್ಪನ ಉಸಿರು. "ಎಣ್ಸೋಣ ಅಂತ ಬಂದೆ ಕಣೋ, ಎಲ್ಲಿ ಬಿಡ್ತಾವೆ, ಈ ಕಡೆಯಿಂದ ನೋಡಿದ್ರೆ ಆ ಕಡೆ ಓಡ್ತಾವೆ" ಅಂದ್ರು. ಜೇಡನಾ ಹುಳನಾ ಅಂತ ಕೇಳಿದೆ. ಎರಡೂ, ಅಂದ್ರು. ಆಮೇಲೆ ಟಾರ್ಚನ್ನ ಬದು ಮೇಲಿಟ್ಟು, ಎರಡೂ ಕೈ ಹಾಕಿ ಇನ್ನೊಂದು ಬುಡ ಅಗಲಿಸೋಕೆ ಬಗ್ಗಿದ್ರು, ಫೋನ್ ಜೇಬಿಗೆ ಹೋಯ್ತು, ನನಗೆ ಕಪ್ಪೆ ಸದ್ದು ಮಾತ್ರ ಕೇಳ್ತಾ ಇತ್ತು.